ಎರಡು ನಿಲ್ದಾಣ, ಹಲವು ದೂರ



2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಬೆಂಗಳೂರಿಗೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೂ ನಡುವೆ ನೇರ ವಿಮಾನ ಆರಂಭಿಸಿತು. ಅದರ ವೇಳಾಪಟ್ಟಿಯನ್ನು ಮೊದಲ ಸಲ ನೋಡಿದವರಿಗೆ ಎಲ್ಲೋ ಅಚ್ಚಿನ ತಪ್ಪಾಗಿದೆ ಅನ್ನಿಸಿದ್ದರೆ ಅದು ಸಹಜವೇ. ದೇವನಹಳ್ಳಿಯ ನಿಲ್ದಾಣದಿಂದ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಅದೇ ದಿನ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತದೆ ಎಂದು ಅದರಲ್ಲಿತ್ತು. ಬರೀ ಎರಡೂವರೆ ಗಂಟೆ! ಬೆಂಗಳೂರಿನಿಂದ ದೆಹಲಿಗೆ ಹೋಗಲೂ ಅಷ್ಟು ಹೊತ್ತು ಸಾಲದು. ಬರುವ ವಿಮಾನದ ಸಾಲು ಇದಕ್ಕೆ ತದ್ವಿರುದ್ಧ. ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟು, 11ರ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಬೆಂಗಳೂರು. ಗೋಡೆ ಗಡಿಯಾರದ ಲೆಕ್ಕದಲ್ಲಿ ಮೂವತ್ತೊಂದೂಕಾಲು ಗಂಟೆ. ಊರುಗಳು ಅವೇ, ವಿಮಾನವೂ ಅದೇ.

ಗಂಟು ಬಿಡಿಸುವುದು ಕಷ್ಟವಲ್ಲ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಈ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಹೋಗುವಾಗಿನ ಎರಡೂವರೆಗೆ ಹದಿಮೂರೂವರೆ ಕೂಡಿಸಿದರೆ ಹದಿನಾರು ಗಂಟೆ. ಬರುವಾಗಿನ ಮೂವತ್ತೊಂದೂಕಾಲರಿಂದ ಹದಿಮೂರೂವರೆ ಕಳೆದರೆ ಹದಿನೇಳೂಮುಕ್ಕಾಲು. ವಿಮಾನದೊಳಗೆ ಜನ ನಿಜವಾಗಿ ಕೂತಿರುವ ಹೊತ್ತು ಇದು.

ಆದರೆ ಗಡಿಯಾರದ ಗಂಟು ಬಿಚ್ಚಿದ ಮೇಲೂ ಒಂದು ಎಳೆ ಉಳಿಯಿತು. ಹೋಗಲು ಹದಿನಾರು, ಬರಲು ಹದಿನೇಳೂಮುಕ್ಕಾಲು. ನಡುವಿನ ಈ ಒಂದೂಮುಕ್ಕಾಲು ಗಂಟೆ ಎಲ್ಲಿಂದ ಬಂತು? ಎರಡು ಊರುಗಳ ದೂರ ಹೋಗುವಾಗ ಒಂದು, ಬರುವಾಗ ಇನ್ನೊಂದು ಇರಲು ಸಾಧ್ಯವೇ? ಸಾಧ್ಯ. ವಿಮಾನದ ಮಟ್ಟಿಗೆ ದೂರ ಎಂಬುದು ಊರಿನ ಮೈಲಿಗಲ್ಲಿನ ಹಾಗೆ ನೆಟ್ಟು ಬಿಟ್ಟ ಸಂಖ್ಯೆಯಲ್ಲ. ಭೂಮಿಯ ಆಕಾರ, ಗಾಳಿಯ ಬೀಸು, ಬೆಟ್ಟಗಳ ಎತ್ತರ ಮತ್ತು ದೇಶದೇಶಗಳ ನಡುವಿನ ಮನಸ್ತಾಪ ಸೇರಿ ದಿನವೂ ಆ ಸಂಖ್ಯೆಯನ್ನು ಹೊಸದಾಗಿ ಬರೆಯುತ್ತವೆ.

ಮೊದಲು ಭೂಮಿಯ ಆಕಾರ. ಎರಡು ನಿಲ್ದಾಣಗಳ ನಡುವಿನ ನೇರ ದೂರ 13,993 ಕಿಲೋಮೀಟರ್ ಎಂದು ಏರ್ ಇಂಡಿಯಾ ಆಗ ಹೇಳಿತ್ತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ ನೆಲದ ಮೇಲಿನ ಯಾವ ಎರಡು ಜಾಗಗಳೂ ಒಂದರಿಂದೊಂದು 20,000 ಕಿಲೋಮೀಟರಿಗಿಂತ ದೂರ ಇರಲಾರವು. ಆ ಕೊನೆಯ ಅಳತೆಯ ಹತ್ತರಲ್ಲಿ ಏಳು ಪಾಲು ಈ ಒಂದೇ ಹಾರಾಟದಲ್ಲಿ ಮುಗಿಯುತ್ತದೆ.

ಈ ನೇರ ದೂರ ನೇರವಾಗಿರುವುದು ಹೇಗೆಂದು ತಿಳಿಯಲು ಶಾಲೆಯ ಭೂಗೋಳವೊಂದು, ಒಂದು ತುಂಡು ದಾರ ಸಾಕು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆಯಬೇಕು. ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಮುಖ ಮಾಡಿ, ಸ್ವಲ್ಪವೇ ಬಲಕ್ಕೆ ವಾಲಿ, ನೇಪಾಳದ ಹಿಮಶಿಖರಗಳ ಮೇಲೆ ಹಾದು ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳನ್ನು ದಾಟುತ್ತದೆ. ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದ ತನಕ ಏರಿ, ಅಲಾಸ್ಕದ ನಡುವಿನಿಂದ ಇಳಿದು ಕ್ಯಾಲಿಫೋರ್ನಿಯಾ ಮುಟ್ಟುತ್ತದೆ. ನಮ್ಮ ಮಾತಿನಲ್ಲಿ ಅಮೆರಿಕ ಪಶ್ಚಿಮದ ದೇಶ. ಸ್ಯಾನ್ ಫ್ರಾನ್ಸಿಸ್ಕೊದತ್ತ ಬೆರಳು ತೋರಿಸಬೇಕಾದ ಬೆಂಗಳೂರಿನವರು ಮಾತ್ರ ದೊಡ್ಡಬಳ್ಳಾಪುರದ ಆಚೆಗೆ, ಉತ್ತರ ದಿಕ್ಕಿಗೆ ತೋರಿಸಬೇಕು. ಗೋಳದ ಮೇಲಿನ ಈ ಅತಿ ಹತ್ತಿರದ ಗೆರೆಗೆ ಭೂಗೋಳಶಾಸ್ತ್ರದಲ್ಲಿ ಮಹಾವೃತ್ತದ ದಾರಿ ಎಂದು ಹೆಸರು.

ಇದು ಅಷ್ಟು ಸುಲಭವಾಗಿ ಮನಸ್ಸಿಗೆ ಹತ್ತದಿರುವುದಕ್ಕೆ ಶಾಲೆಯ ಗೋಡೆಗೆ ತೂಗುಹಾಕಿದ ನಕ್ಷೆ ಕಾರಣ. ಫ್ಲಾಂಡರ್ಸಿನ ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ರಚಿಸಿದ ಪದ್ಧತಿಯಲ್ಲಿ ಗೋಳವನ್ನು ಚಪ್ಪಟೆ ಮಾಡಿದಾಗ ಧ್ರುವಗಳ ಕಡೆಯ ಜಾಗಗಳೆಲ್ಲ ಹಿಗ್ಗಿಬಿಡುತ್ತವೆ. ಆಫ್ರಿಕದ ಹದಿನಾಲ್ಕರಲ್ಲಿ ಒಂದು ಪಾಲಿನಷ್ಟಿರುವ ಗ್ರೀನ್‌ಲ್ಯಾಂಡ್ ಆ ನಕ್ಷೆಯಲ್ಲಿ ಆಫ್ರಿಕಕ್ಕೆ ಸಮನಾಗಿ ಕಾಣುತ್ತದೆ. ಅಂಥ ನಕ್ಷೆಯ ಮೇಲೆ ಬೆಂಗಳೂರಿನಿಂದ ಪೆಸಿಫಿಕ್ ಸಾಗರದ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಅದೇ ಗೆರೆಯ ಮೇಲೆ ಹಾರಿದರೆ ಪಯಣ ಸುಮಾರು 16,100 ಕಿಲೋಮೀಟರ್ ಆಗುತ್ತದೆ. ಗೋಳದ ಮೇಲಿನ ದಾರಕ್ಕಿಂತ 2,100 ಕಿಲೋಮೀಟರ್ ಹೆಚ್ಚು, ಅಂದರೆ ಬೆಂಗಳೂರಿನಿಂದ ದೆಹಲಿಗಿರುವ ದೂರಕ್ಕಿಂತಲೂ ಹೆಚ್ಚು. ಮರ್ಕೇಟರನನ್ನು ದೂರುವುದು ಸರಿಯಲ್ಲ. ಅವನು ನಕ್ಷೆ ಬರೆದದ್ದು ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಹಿಡಿದು ಹಡಗು ನಡೆಸುವ ನಾವಿಕರಿಗಾಗಿ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ನಕ್ಷೆ ಇರಲಿಲ್ಲ. ತಪ್ಪಾದದ್ದು, ಅದನ್ನೇ ಜಗತ್ತಿನ ಚಿತ್ರವೆಂದು ಮಕ್ಕಳ ಕಣ್ಣೆದುರು ತಲೆಮಾರುಗಟ್ಟಲೆ ತೂಗುಹಾಕಿದ್ದರಲ್ಲಿ.

ಹಾಗಾದರೆ ವಿಮಾನ ದಾರದ ದಾರಿಯಲ್ಲೇ ಹಾರಬಹುದಲ್ಲ? ಹಾರುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಏನಾದರೂ ಕುಸಿದರೆ ಪೈಲಟ್ಟುಗಳು ಕೂಡಲೇ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಸಾವಿರ ಮೀಟರಿನಷ್ಟು ಎತ್ತರಕ್ಕೆ ಇಳಿಸಬೇಕು. ಅಲ್ಲಿ ಮಾತ್ರ ಜನ ಸಹಜವಾಗಿ ಉಸಿರಾಡಬಲ್ಲರು. ತಲೆಯ ಮೇಲಿನಿಂದ ಇಳಿಬೀಳುವ ಮುಖವಾಡಗಳಲ್ಲಿ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸಿನಷ್ಟೇ ಆಮ್ಲಜನಕ ಇರುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ಇಳಿಯಲು ಕೆಳಗೆ ಆಕಾಶವೇ ಇಲ್ಲ. ಆದ್ದರಿಂದ ಬಹುಪಾಲು ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಗಾಳಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆ ಒಂದೂಮುಕ್ಕಾಲು ಗಂಟೆಯ ಉತ್ತರ ಬಹುಮಟ್ಟಿಗೆ ಇಲ್ಲಿದೆ.

ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ, ಸರಿಯಾಗಿ ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತಿರುತ್ತವೆ. ಜೆಟ್ ಸ್ಟ್ರೀಮ್ ಎಂದು ಅವುಗಳ ಹೆಸರು. ಗಂಟೆಗೆ ನೂರು ಇನ್ನೂರು ಕಿಲೋಮೀಟರ್ ವೇಗ ಸಾಮಾನ್ಯ, ಚಳಿಗಾಲದಲ್ಲಿ ಕೆಲವೊಮ್ಮೆ ಮುನ್ನೂರನ್ನೂ ದಾಟುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ 1920ರ ದಶಕದಲ್ಲಿ ಟೋಕಿಯೊ ಬಳಿಯ ತತೆನೊ ವೀಕ್ಷಣಾಲಯದಿಂದ ಬಲೂನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಲೋಕಕ್ಕೆಲ್ಲ ತಿಳಿಯಲಿ ಎಂದು ಅವರು 1926ರ ವರದಿಯನ್ನು ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯಲ್ಲಿ ಬರೆದರು. ಆ ಭಾಷೆ ಓದುವವರು ಬೆರಳೆಣಿಕೆಯಷ್ಟೇ ಇದ್ದುದರಿಂದ ವರದಿ ಹೆಚ್ಚು ಜನರಿಗೆ ಮುಟ್ಟಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.

ಇಂದು ಆ ಗಾಳಿ ವಿಮಾನ ಸಂಸ್ಥೆಗಳ ಲೆಕ್ಕದ ಪುಸ್ತಕದ ಮೊದಲ ಸಾಲು. ಕೇಳುಗರು ಒಂದು ಚಿಕ್ಕ ಲೆಕ್ಕ ಮನಸ್ಸಿನಲ್ಲೇ ಮಾಡಬಹುದು. ಊರು 9,000 ಕಿಲೋಮೀಟರ್ ದೂರ, ವಿಮಾನದ ವೇಗ ಗಂಟೆಗೆ 900. ಗಾಳಿ ಇಲ್ಲದಿದ್ದರೆ ಹೋಗಲು ಹತ್ತು ಗಂಟೆ, ಬರಲು ಹತ್ತು ಗಂಟೆ. ಈಗ ಬೆನ್ನಿಗೆ ಗಂಟೆಗೆ ನೂರು ಕಿಲೋಮೀಟರ್ ಗಾಳಿ ಬೀಸಲಿ. ಹೋಗಲು ಒಂಬತ್ತೇ ಗಂಟೆ. ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ, ಹನ್ನೊಂದೂಕಾಲು ಗಂಟೆ. ಹೋಗುವಾಗ ಗಳಿಸಿದ್ದು ಒಂದು ಗಂಟೆ, ಬರುವಾಗ ಕಳೆದುಕೊಂಡದ್ದು ಒಂದೂಕಾಲು. ಗಾಳಿಯ ಸಾಲಕ್ಕೆ ಬಡ್ಡಿ ಇದ್ದೇ ಇರುತ್ತದೆ.

ಗಾಳಿ ಎಷ್ಟು ದೊಡ್ಡ ಮಾತು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಏರ್ ಇಂಡಿಯಾದ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ವಿಮಾನ ಮೊದಲು ಯೂರೋಪು, ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಹಾರಿಸಿದರು. ಹೊಸ ದಾರಿ ಸುಮಾರು 15,300 ಕಿಲೋಮೀಟರ್, ಹಳೆಯದಕ್ಕಿಂತ 1,400 ಕಿಲೋಮೀಟರ್ ಜಾಸ್ತಿ. ಆದರೂ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ. ಅಟ್ಲಾಂಟಿಕ್ ಕಡೆ ಮುಖಕ್ಕೆ ಹೊಡೆಯುತ್ತಿದ್ದ ಗಾಳಿ ಪೆಸಿಫಿಕ್ ಕಡೆ ಬೆನ್ನು ತಟ್ಟಿ ನೂಕಿತ್ತು. ಸುತ್ತಿ ಹೋದರೂ ಬೇಗ ಮುಟ್ಟುವ ದಾರಿ ಆಕಾಶದಲ್ಲಿ ನಿಜವಾಗಿಯೂ ಇದೆ. ಬೆಂಗಳೂರಿನಿಂದ ಹೊರಟ ವಿಮಾನವೂ ಸಾಮಾನ್ಯವಾಗಿ ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಗಾಳಿಯ ಬೆನ್ನೇರಿ ಹೋಗುತ್ತಿದ್ದುದು ಇದೇ ಕಾರಣಕ್ಕೆ. ಹೋಗುವಾಗ ಹದಿನಾರು ಗಂಟೆ ಸಾಕಾಗುತ್ತಿದ್ದುದರ ಗುಟ್ಟೂ ಇದೇ.

ಗಾಳಿ ಕೆರಳಿ ಬೀಸಿದರೆ ಆಗುವುದೇ ಬೇರೆ. 2020ರ ಫೆಬ್ರವರಿ 9ರಂದು ಸಿಯಾರಾ ಬಿರುಗಾಳಿಯ ದಿನ ಬ್ರಿಟಿಷ್ ಏರ್‌ವೇಸಿನ ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ಸಾಮಾನ್ಯ ದಿನಗಳಲ್ಲಿ ಅದಕ್ಕೆ ಆರು ಗಂಟೆಗೂ ಹೆಚ್ಚು ಬೇಕು.

ಹಾಗಾದರೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬರುವಾಗ ಆ ಹೊಳೆಯ ಎದುರು ಈಜುವುದು ಹೇಗೆ? ಈಜುವ ಬದಲು ಅದರ ತಲೆಯ ಮೇಲಿನಿಂದ, ಭೂಮಿಯ ನೆತ್ತಿಯ ಮೇಲಿನಿಂದ ದಾಟುವುದು. ಮೊದಲ ವಿಮಾನ ಮಾಡಿದ್ದು ಅದನ್ನೇ. ಜನವರಿ 9ರ ರಾತ್ರಿ ಹೊರಟ ಆ ಬೋಯಿಂಗ್ 777-200 ಎಲ್‌ಆರ್ ವಿಮಾನದ ಪೈಲಟ್ಟುಗಳ ಕೋಣೆಯಲ್ಲಿದ್ದವರೆಲ್ಲ ಮಹಿಳೆಯರು. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ಮುಂದಾಳುತನದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ವಿಮಾನ ನಡೆಸಿದರು. ಹದಿನೇಳು ಗಂಟೆ ಮೀರಿದ ಹಾರಾಟವನ್ನು ಒಂದು ಜೋಡಿ ಪೈಲಟ್ಟುಗಳು ನಡೆಸುವಂತಿಲ್ಲ. ಇಬ್ಬರು ಹಾರಿಸುವಾಗ ಇನ್ನಿಬ್ಬರು ಮಲಗಿ ದಣಿವಾರಿಸಿಕೊಳ್ಳಬೇಕು. ಅದಕ್ಕೇ ನಾಲ್ವರು.

ಉತ್ತರ ಧ್ರುವದ ಮೇಲೆ ಹಾರುವುದೆಂದರೆ ಬಹಳ ಸುತ್ತು ಎಂದು ತೋರಬಹುದು. ಲೆಕ್ಕ ಹಾಕಿದರೆ ಸಿಗುವ ಉತ್ತರ ಬೇರೆ. ಬೆಂಗಳೂರಿನಿಂದ ಸರಿಯಾಗಿ ಧ್ರುವಕ್ಕೆ ಹೋಗಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿದರೂ ದೂರ ಸುಮಾರು 14,360 ಕಿಲೋಮೀಟರ್. ಅತಿ ಹತ್ತಿರದ ದಾರಿಗಿಂತ ಹೆಚ್ಚೆಂದರೆ 370 ಕಿಲೋಮೀಟರ್, ಅರ್ಧ ಗಂಟೆಯಷ್ಟು. ಅಷ್ಟು ಕೊಟ್ಟು ಎದುರು ಗಾಳಿಯಿಂದ ಪಾರಾಗುವುದು ಲಾಭವೇ. ಈ ದಾರಿಯಿಂದ ಹತ್ತು ಟನ್ ಇಂಧನ ಉಳಿಯಿತೆಂದು ಕ್ಯಾಪ್ಟನ್ ಝೋಯಾ ಇಳಿದ ಮೇಲೆ ಹೇಳಿದ್ದರು. ಆ ಮೊದಲ ಹಾರಾಟದ ಸುದ್ದಿಯಲ್ಲಿ ಪತ್ರಿಕೆಗಳು ಒಮ್ಮೆ 13,993, ಒಮ್ಮೆ 16,000 ಕಿಲೋಮೀಟರ್ ಎಂದು ಬರೆದವು. ಒಂದು ಗೋಳದ ಮೇಲಿನ ಅಳತೆ, ಇನ್ನೊಂದು ಗಾಳಿ, ಬೆಟ್ಟ, ಗಡಿಗಳನ್ನು ನೋಡಿಕೊಂಡು ಹಾರುವವರ ದಾರಿಯ ಅಂದಾಜು.

ಆ ಪಯಣದ ಇನ್ನೊಂದು ಸಂಗತಿ ಯೋಚಿಸಿದಷ್ಟೂ ಬೆರಗು ಹುಟ್ಟಿಸುತ್ತದೆ. ಜನವರಿಯಲ್ಲಿ ಉತ್ತರ ಧ್ರುವದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ರಾತ್ರಿ ಎಂಟೂವರೆಗೆ ಕತ್ತಲಲ್ಲಿ ಮೇಲೇರಿದವರು ಧ್ರುವದ ಕತ್ತಲನ್ನು ಹಾದು, ಭೂಮಿಯ ಈಚೆಯ ಮಗ್ಗುಲಿಗೆ ಇಳಿಯುವ ಹೊತ್ತಿಗೆ ಇಲ್ಲಿಯೂ ರಾತ್ರಿ ಕವಿದಿತ್ತು. ಜನವರಿ 10 ಎಂಬ ದಿನಾಂಕ ಅವರ ಪಾಲಿಗೆ ಬಂದು ಹೋಯಿತು. ಅದರ ಹಗಲು ಮಾತ್ರ ಬರಲಿಲ್ಲ.

ಧ್ರುವದ ದಾರಿಗೆ ಅದರದೇ ಕಷ್ಟಗಳಿವೆ. ವಿಮಾನಗಳಲ್ಲಿ ಬಳಸುವ ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇನ್ನೂ ಮೊದಲೇ, 40 ಡಿಗ್ರಿ ಕೆಳಗೆ. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುತ್ತದೆ. ರೆಕ್ಕೆಯ ಟ್ಯಾಂಕಿನ ಉಷ್ಣತೆಯ ಮೇಲೆ ಪೈಲಟ್ಟುಗಳು ಕಣ್ಣಿಟ್ಟೇ ಇರಬೇಕು. ಅಗತ್ಯ ಬಿದ್ದರೆ ಬೆಚ್ಚನೆಯ ಗಾಳಿಯಿರುವ ಎತ್ತರಕ್ಕೆ ಇಳಿಯಬೇಕು, ಇಲ್ಲವೆ ವೇಗ ಹೆಚ್ಚಿಸಬೇಕು. ದಿಕ್ಸೂಚಿಯ ಮುಳ್ಳು ಅಲ್ಲಿ ನಂಬಿಕೆಗೆ ಅರ್ಹವಲ್ಲ. ಬಾನುಲಿ ಕೇಳುವವರಿಗೆ ಚೆನ್ನಾಗಿ ಅರ್ಥವಾಗುವ ಕಷ್ಟ ಇನ್ನೊಂದಿದೆ. ಸೂರ್ಯನ ಮೇಲೆ ಬಿರುಗಾಳಿ ಎದ್ದ ದಿನಗಳಲ್ಲಿ ಧ್ರುವದ ಸುತ್ತ ಶಾರ್ಟ್‌ವೇವ್ ರೇಡಿಯೊ ಮೂಕವಾಗಿಬಿಡುತ್ತದೆ. ಅಂಥ ಮುನ್ಸೂಚನೆ ಬಂದರೆ ವಿಮಾನಗಳು ದಾರಿ ಬದಲಿಸಿ ದಕ್ಷಿಣಕ್ಕೆ ಸರಿಯುತ್ತವೆ. ಒಂದೆರಡು ಗಂಟೆ ಹೆಚ್ಚಾದರೂ ಚಿಂತೆಯಿಲ್ಲ, ನೆಲದವರ ಮಾತು ಕೇಳಿಸುತ್ತಿರಬೇಕು.

ಎರಡೇ ಎಂಜಿನ್ನಿನ ವಿಮಾನಕ್ಕೆ ಮತ್ತೊಂದು ಕಟ್ಟುಪಾಡು. ಒಂದು ಎಂಜಿನ್ ಕೆಟ್ಟರೆ ಉಳಿದ ಒಂದರಿಂದಲೇ ಇಂತಿಷ್ಟು ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ಸೇರುವಂತೆ ದಾರಿ ಇರಬೇಕು. ಸೈಬೀರಿಯಾ, ಉತ್ತರ ಕೆನಡಾಗಳ ಹೆಸರೇ ಕೇಳದ ಊರುಗಳ ನಿಲ್ದಾಣಗಳು ಇದಕ್ಕಾಗಿ ಪೈಲಟ್ಟುಗಳ ಪಟ್ಟಿಯಲ್ಲಿರುತ್ತವೆ. ಇದು ಕಾಗದದ ಮೇಲಿನ ನಿಯಮವಷ್ಟೇ ಅಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾದ ವಿಮಾನ ಎಂಜಿನ್ನಿನ ತೊಂದರೆಯಿಂದ ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನಕ್ಕೆ ಸಾಕಾಗುವ ಹೋಟೆಲುಗಳು ಅಲ್ಲಿ ಇರಲಿಲ್ಲ. ಸಿಕ್ಕ ಕಟ್ಟಡಗಳಲ್ಲಿ ತಂಗಿ, ಭಾರತದಿಂದ ಇನ್ನೊಂದು ವಿಮಾನ ಬಂದ ಮೇಲೆ ಅವರು ಮುಂದಕ್ಕೆ ಹೊರಟರು. ಊಟ ವಸತಿಯ ಕಷ್ಟ ದೊಡ್ಡದೇ. ಆದರೂ ಇಳಿಯಲು ಅಲ್ಲೊಂದು ನಿಲ್ದಾಣವಿತ್ತು, ಎಲ್ಲರೂ ಕ್ಷೇಮವಾಗಿ ಇಳಿದರು. ಆ ನಿಯಮ ಬರೆದವರ ಉದ್ದೇಶವೂ ಅಷ್ಟೇ.

ಇಷ್ಟು ದೂರಕ್ಕೆ ಇಂಧನ ಎಷ್ಟು ಬೇಕು? 777-200 ಎಲ್‌ಆರ್ ವಿಮಾನದ ಟ್ಯಾಂಕುಗಳು 1,81,000 ಲೀಟರಿಗೂ ಹೆಚ್ಚು ಹಿಡಿಯುತ್ತವೆ. ತೂಕದಲ್ಲಿ ಸುಮಾರು 145 ಟನ್. ಪೂರ್ತಿ ಭಾರ ಹೊತ್ತ ವಿಮಾನ 347 ಟನ್ ತೂಗುತ್ತದೆಂದ ಮೇಲೆ, ಹತ್ತರಲ್ಲಿ ನಾಲ್ಕು ಪಾಲು ಬರೀ ಇಂಧನ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಒಂದು ಪಾಲು ಕೊನೆಯ ಗಂಟೆಗಳ ಇಂಧನವನ್ನು ಹೊರಲೆಂದೇ ವೆಚ್ಚವಾಗುತ್ತದೆ. ದೂರ ಬೆಳೆದಂತೆ ಖರ್ಚು ಅದಕ್ಕಿಂತ ಬೇಗ ಬೆಳೆಯುವುದು ಹೀಗೆ. ಬೆಂಗಳೂರಿಗಂತೂ ಹೆಚ್ಚಿನದೊಂದು ತೊಡಕು. ಸ್ಯಾನ್ ಫ್ರಾನ್ಸಿಸ್ಕೊದ ನಿಲ್ದಾಣ ಸಮುದ್ರದ ದಡದಲ್ಲೇ ಇದೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಸಮುದ್ರ ಮಟ್ಟದಿಂದ 915 ಮೀಟರ್ ಮೇಲೆ. ಆ ಎತ್ತರದಲ್ಲಿ ಗಾಳಿ ನೂರಕ್ಕೆ ಎಂಟು ಒಂಬತ್ತು ಪಾಲು ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೂ ಎಂಜಿನ್ನಿಗೂ ಹಿಡಿತ ಸಾಲದು. ನಾಲ್ಕು ಕಿಲೋಮೀಟರ್ ಓಡುದಾರಿ ಇದ್ದರೂ, ಭಾರ ತೂಗಿ ನೋಡಿಯೇ ಮೇಲೇರಬೇಕು. ಊರಿನ ತಂಪು ಹವೆಗೆ ಕಾರಣವಾದ ಎತ್ತರವೇ ದೂರದ ವಿಮಾನಕ್ಕೆ ಹೊರೆ.

ಭೂಮಿ, ಗಾಳಿ, ಎತ್ತರ ಇವೆಲ್ಲ ಪ್ರಕೃತಿಯ ಲೆಕ್ಕ. ದೂರವನ್ನು ಹಿಗ್ಗಿಸುವ ಇನ್ನೊಂದು ಶಕ್ತಿ ಸರ್ಕಾರಗಳದು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆ ಕೋಪನ್‌ಹೇಗನ್‌ನಿಂದ ಟೋಕಿಯೊಗೆ ಅಲಾಸ್ಕದ ಆಂಕರೇಜ್ ಮೂಲಕ ಧ್ರುವದ ದಾರಿ ತೆರೆಯಿತು. ನೇರ ದಾರಿ ಸೋವಿಯತ್ ಒಕ್ಕೂಟದ ಮೇಲಿತ್ತು, ಆ ಆಕಾಶ ಮುಚ್ಚಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಯೂರೋಪು ಮತ್ತು ಅಮೆರಿಕದ ವಿಮಾನಗಳಿಗೆ ಮತ್ತೆ ಮುಚ್ಚಿತು. ಫಿನ್‌ಲ್ಯಾಂಡಿನ ಫಿನ್‌ಏರ್ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತು ಹತ್ತು ಗಂಟೆಯಲ್ಲಿ ಹೋಗುತ್ತಿತ್ತು. ಈಗ ಹದಿಮೂರು ಗಂಟೆ, ಕೆಲವೊಮ್ಮೆ ಅದೇ ಧ್ರುವದ ಮೇಲಿನಿಂದ. ಅರವತ್ತೈದು ವರ್ಷದ ಹಿಂದಿನ ದಾರಿ ಮರಳಿ ಬಂತು.

ನಮಗೂ ಇದು ತಟ್ಟಿದೆ. ಪಹಲ್ಗಾಮ್ ದಾಳಿಯ ಬೆನ್ನಿಗೆ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬಿ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಅಮೆರಿಕಕ್ಕೆ ಹೋಗಿಬರುವ ಕೆಲವು ವಿಮಾನಗಳು ಇಂಧನಕ್ಕಾಗಿಯೇ ವಿಯೆನ್ನಾದಂಥ ಕಡೆ ಇಳಿದವು. ಊರುಗಳು ಇದ್ದಲ್ಲೇ ಇದ್ದವು, ನಡುವಿನ ದೂರ ರಾತ್ರೋರಾತ್ರಿ ಬೆಳೆಯಿತು. ನೇರ ವಿಮಾನಕ್ಕೆ ಅಡ್ಡಿಯಾಗುವುದು ಮುಚ್ಚಿದ ಆಕಾಶವೊಂದೇ ಅಲ್ಲ. ಬೆಂಗಳೂರಿಗೆ ಸಿಯಾಟಲ್‌ನಿಂದ ನೇರ ವಿಮಾನ ತರುವುದಾಗಿ ಅಮೆರಿಕನ್ ಏರ್‌ಲೈನ್ಸ್ 2020ರ ಫೆಬ್ರವರಿಯಲ್ಲಿ ಸಾರಿತ್ತು. ಕೋವಿಡ್‌ನಿಂದ ಮುಂದಕ್ಕೆ ಹೋದ ಆ ವಿಮಾನ ಆಮೇಲೆ ಹಾರಲೇ ಇಲ್ಲ.

ನೇರ ವಿಮಾನ ಇಲ್ಲದಾಗ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರು ಬೇರೆ ಊರಿನಲ್ಲಿ ಇಳಿದು ಹತ್ತಬೇಕು. ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 16,500 ಕಿಲೋಮೀಟರ್, ದುಬೈ ಮೂಲಕವಾದರೆ 15,700. ದೂರದಲ್ಲಿ ಕಾಣುವ ವ್ಯತ್ಯಾಸ ಚಿಕ್ಕದು. ನಡುವೆ ಕಾಯುವ ಹೊತ್ತೇ ಪಯಣವನ್ನು ಇಪ್ಪತ್ತೆರಡು, ಇಪ್ಪತ್ತನಾಲ್ಕು ಗಂಟೆಗೆ ಎಳೆಯುತ್ತದೆ. ನೆಲದ ಮೇಲೆ ಕಳೆಯುವ ಹೊತ್ತಿನ ಪ್ರಭಾವ ಪುಟ್ಟ ಹಾರಾಟಗಳಲ್ಲಿ ಇನ್ನೂ ಸ್ಪಷ್ಟ. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ 300 ಕಿಲೋಮೀಟರ್, ಟಿಕೆಟಿನಲ್ಲಿ ಒಂದು ಗಂಟೆಯ ಮೇಲೆ. ಟಿಕೆಟಿನ ಹೊತ್ತು ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವ ತನಕ. ಓಡುದಾರಿಗೆ ಹೋಗುವುದು, ಸರದಿ ಕಾಯುವುದು, ಏರುವುದು, ಇಳಿಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಗಂಟೆಗೆ 900 ಕಿಲೋಮೀಟರ್ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ದೂರದ ಪಯಣದಲ್ಲೇ.

ಹಿಂದಿನವರು ದೂರವನ್ನು ತುಂಡು ತುಂಡಾಗಿ ದಾಟುತ್ತಿದ್ದರು. 1932ರ ಅಕ್ಟೋಬರ್ 15ರಂದು ಜೆಆರ್‌ಡಿ ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ದಾರಿಯಲ್ಲಿ ಆ ಪುಟ್ಟ ವಿಮಾನ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಭಾರತದ ವಿಮಾನಯಾನದ ಮೊದಲ ಪುಟದಲ್ಲೇ ಬಳ್ಳಾರಿಯ ಹೆಸರಿದೆ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿ. 1948ರ ಜೂನ್ 8ರಂದು ಏರ್ ಇಂಡಿಯಾದ ಮಲಬಾರ್ ಪ್ರಿನ್ಸೆಸ್ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಕೈರೊ, ಜಿನೀವಾಗಳಲ್ಲಿ ಇಳಿದು ಹೋಯಿತು. ಅದರ ಹಿಂದಿನ ವರ್ಷ ಆರಂಭವಾದ ಸಿಡ್ನಿ ಮತ್ತು ಲಂಡನ್ ನಡುವಿನ ಕ್ವಾಂಟಾಸ್ ವಿಮಾನಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು, ಕಲ್ಕತ್ತಾ, ಕರಾಚಿಗಳೂ ಅದರ ತಂಗುದಾಣಗಳು. 2018ರಿಂದ ಅದೇ ಸಂಸ್ಥೆ ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿಗೆ ಎಲ್ಲಿಯೂ ಇಳಿಯದೆ ಸುಮಾರು ಹದಿನೇಳು ಗಂಟೆಯಲ್ಲಿ ಹಾರುತ್ತಿದೆ. ಸಿಂಗಪುರದಿಂದ ನ್ಯೂಯಾರ್ಕಿಗೆ 15,349 ಕಿಲೋಮೀಟರ್ ದೂರ, ಹದಿನೆಂಟು ಗಂಟೆ ಮೀರಿದ ಪಯಣ.

ಯಂತ್ರ ಇದನ್ನು ತಾಳುತ್ತದೆ. ಮನುಷ್ಯನ ಮೈಗೆ ಮಾತ್ರ ಇದು ಇನ್ನೂ ಹೊಸದು. ವಿಮಾನದೊಳಗಿನ ಗಾಳಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಿರುತ್ತದೆ. ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಂಥ ಜಾಗದಲ್ಲಿ, ಒಣಗಾಳಿಯಲ್ಲಿ, ಕಾಲು ಚಾಚಲು ಆಗದ ಕುರ್ಚಿಯಲ್ಲಿ ಹದಿನೇಳು ಗಂಟೆ ಕೂರುವವರಲ್ಲಿ ಬಹಳ ಮಂದಿ ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲು ಹೊರಟ ಹಿರಿಯರು. ನಾಲ್ಕು ಗಂಟೆ ದಾಟಿದ ಪಯಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂದು ವೈದ್ಯರು ಎಚ್ಚರಿಸುತ್ತಾರೆ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ಸಾಲಿನ ಕೊನೆಯವರೆಗೆ ನಡೆದು ಬರಬೇಕು. ಪಕ್ಕದವರಿಗೆ ತೊಂದರೆ ಎಂದು ಸಂಕೋಚಪಟ್ಟು ಕೂತೇ ಇರುವುದು, ಶೌಚಕ್ಕೆ ಏಳಬೇಕಾದೀತೆಂದು ನೀರು ಕುಡಿಯದಿರುವುದು, ಎರಡೂ ಕೂಡದು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಯಾವ ಊರಿನ ಗಡಿಯಾರದ ಪ್ರಕಾರ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಹಗಲು ರಾತ್ರಿಯೇ ಅದಲು ಬದಲಾಗುವ ಪಯಣ ಇದು. ಮೈಯೊಳಗಿನ ಗಡಿಯಾರ ದಿನಕ್ಕೆ ಒಂದು ಗಂಟೆಯಷ್ಟೇ ಸರಿಹೋಗುತ್ತದೆ. ಅಲ್ಲಿ ಇಳಿದ ಮೊದಲ ವಾರ ನಡುರಾತ್ರಿ ಎಚ್ಚರವಾದರೆ ಗಾಬರಿ ಬೇಡ.

ಕೊನೆಗೆ, ಟಿಕೆಟ್ ಕೈಗೆ ಬಂದಾಗ ಒಂದು ಗುರುತನ್ನು ತಪ್ಪದೆ ನೋಡಿ. ಅಲ್ಲಿ ಬರೆದಿರುವ ಹೊತ್ತುಗಳೆಲ್ಲ ಆಯಾ ಊರಿನ ಗಡಿಯಾರದವು. ಇಳಿಯುವ ಹೊತ್ತಿನ ಪಕ್ಕದಲ್ಲಿ ಕೂಡಿಸುವ ಚಿಹ್ನೆ, ಅದರ ಮುಂದೆ ಒಂದು ಅಥವಾ ಎರಡು ಎಂಬ ಅಂಕಿ ಇದ್ದರೆ, ಹೊರಟ ತಾರೀಖಿಗೆ ಅಷ್ಟು ದಿನ ಸೇರಿಸಿಕೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೊದಿಂದ ಒಂಬತ್ತನೆಯ ತಾರೀಖಿನ ರಾತ್ರಿ ಹೊರಟ ಅಪ್ಪ ಅಮ್ಮನನ್ನು ಕರೆತರಲು ದೇವನಹಳ್ಳಿಗೆ ಹೋಗಬೇಕಾದದ್ದು ಹನ್ನೊಂದರ ಬೆಳಗಿನ ಜಾವ.